1911 ಪಿಸ್ತೂಲಿನ ಹ್ಯಾಮರ್ ಕೈ ಕಚ್ತಾ ಇದ್ಯಾ? ಅರ ಹಿಡಿಯೋಕೆ ಮುಂಚೆ ಇದನ್ನ ಪೂರ್ತಿ ಓದಿ

ಒಂದು ವರ್ಷದಲ್ಲಿ ಮೂರು ಜನ ಸ್ನೇಹಿತರು ಹಾಳಾದ ಹ್ಯಾಮರ್ ತಂದು ನನ್ನ ಮುಂದೆ ಇಟ್ರು. ಮೂರೂ ಜಿಐ ಮಾದರಿಯ, ಅಂದ್ರೆ ಅಮೆರಿಕದ ಸೈನ್ಯದ ಹಳೇ ವಿನ್ಯಾಸದ 1911, ಮೂರೂ ಜನರ ಸಮಸ್ಯೆ ಒಂದೇ: ಗುಂಡು ಹಾರಿದಾಗ ಹ್ಯಾಮರ್ (ಪಿಸ್ತೂಲಿನ ಹಿಂದಿನ ತುದೀಲಿ ಹೊಡೆದು ಗುಂಡು ಹಾರಿಸೋ ಭಾಗ) ಹಿಂದಕ್ಕೆ ಬಂದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮವನ್ನ ಚಿವುಟ್ತಿತ್ತು. ಒಬ್ಬರು ಡ್ರೆಮೆಲ್ (ಕರೆಂಟಲ್ಲಿ ತಿರುಗಿ ಉಜ್ಜೋ ಸಣ್ಣ ಸಾಧನ) ಹಾಕಿ ಹ್ಯಾಮರ್ ನೀಲಿ ಬಣ್ಣಕ್ಕೆ ತಿರುಗೋವಷ್ಟು ಕಾಯಿಸಿಬಿಟ್ಟಿದ್ರು. ಇನ್ನೊಬ್ಬರು ತುದಿ ಕತ್ತರಿಸಿದ್ರು, ಆದ್ರೆ ಮುಂಚೆಗಿಂತ ಜಾಸ್ತಿ ಕಚ್ಚೋಕೆ ಶುರುವಾಯ್ತು. ಮೂರನೆಯವರು ಬಿಚ್ಚಿದ್ದೇ ಬಿಚ್ಚಿದ್ದು ಅಂತ "ಸ್ವಲ್ಪ ಟ್ರಿಗರ್ರೂ ನೈಸ್ ಮಾಡೋಣ" ಅಂದ್ಕೊಂಡು ಹ್ಯಾಮರಿನ ಬುಡದ ಹುಕ್ ಉಜ್ಜಿದ್ರು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರೋ ಭಾಗ) ಮುಚ್ಚಿದ ತಕ್ಷಣ ಹ್ಯಾಮರ್ ತಾನಾಗೇ ಹಾಫ್ ಕಾಕ್‌ಗೆ, ಅಂದ್ರೆ ಅರ್ಧ ಎಳೆದ ಜಾಗಕ್ಕೆ, ಜಾರ್ತಿತ್ತು. ಅದು ಕೈಗೆ ಗಾಯ ಆಗೋ ಮಾತಲ್ಲ, ಪ್ರಾಣಕ್ಕೇ ಕುತ್ತು ತರೋ ಮಾತು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಕಾನೂನಿನ ವಿಷಯ. ನಾನಿರೋದು ಅಮೆರಿಕದಲ್ಲಿ, ಇಲ್ಲಿ ನಮ್ಮ ಸ್ವಂತ ಪಿಸ್ತೂಲಿಗೆ ಇಂಥ ಸಣ್ಣ ಕೆಲಸ ನಾವೇ ಮಾಡ್ಕೋಬಹುದು, ಆದ್ರೂ ನಿಮ್ಮ ರಾಜ್ಯದ ನಿಯಮ ಒಮ್ಮೆ ನೋಡ್ಕೊಳಿ. ಊರಲ್ಲಿ, ಅಂದ್ರೆ ಭಾರತದಲ್ಲಿ ಇರೋರು ದಯವಿಟ್ಟು ಇದನ್ನ ಮನೇಲಿ ಮಾಡ್ಬೇಡಿ. 1959ರ ಆರ್ಮ್ಸ್ ಆಕ್ಟ್‌ನ ಸೆಕ್ಷನ್ 5ರ ಪ್ರಕಾರ ಬಂದೂಕು ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು, ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರಾನೇ ಹೋಗಿ. ಏನು ಮಾಡಿಸ್ಬೇಕು, ಏನು ಮುಟ್ಟಿಸಬಾರದು ಅಂತ ತಿಳ್ಕೊಳೋಕೆ ಇದು ಉಪಯೋಗಕ್ಕೆ ಬರತ್ತೆ.

ಇಲ್ಲಿ ಹೇಳಿರೋದು ಸೀರೀಸ್ 70 ರೀತಿಯ, ಅಂದ್ರೆ ಫೈರಿಂಗ್ ಪಿನ್ನಿಗೆ (ಗುಂಡಿನ ಬುಡಕ್ಕೆ ಬಡಿಯೋ ಸೂಜಿ) ತಡೆಬ್ಲಾಕ್ ಇಲ್ಲದ 1911ಗೆ ಮಾತ್ರ. ಸೀರೀಸ್ 80ರಲ್ಲಿ ಹ್ಯಾಮರ್ ಪಿನ್ ತೆಗೆದ್ರೆ ಫೈರಿಂಗ್ ಪಿನ್ ಬ್ಲಾಕ್‌ನ ಸಣ್ಣ ಲಿವರ್ ಕೂಡ ಸಡಿಲ ಆಗತ್ತೆ, ಅದರ ಜೋಡಣೆ ಬೇರೆ ಥರ. ಬ್ರೌನಿಂಗ್ ಹೈ ಪವರ್ ಇರೋರಿಗೂ ಇದೇ ಕಚ್ಚೋ ತೊಂದರೆ ಉಂಟು, ಆದ್ರೆ ಅದನ್ನ ಬಿಚ್ಚೋ ಕ್ರಮ ಪೂರ್ತಿ ಬೇರೆ, ಈ ಕ್ರಮ ಅದಕ್ಕೆ ಹಾಕ್ಬೇಡಿ.

ಬೇಕಾಗೋ ಸಾಮಾನು

ಕಣ್ಣಿಗೆ ಸೇಫ್ಟಿ ಕನ್ನಡಕ, ಇದಿಲ್ದೆ ಶುರು ಮಾಡ್ಬೇಡಿ. ಬೆಂಚ್ ವೈಸ್, ಅದರ ಬಾಯಿಗೆ ಹಾಕೋಕೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡು. ಚಪ್ಪಟೆ ಅರ ಒಂದು, ಅರ್ಧ ದುಂಡಗಿನ ಸಣ್ಣ ಅರ ಒಂದು. 320, 400, 600 ನಂಬರಿನ ಎಮರಿ ಪೇಪರ್. 1/8 ಇಂಚಿನ ಪಿನ್ ಪಂಚ್, ನೈಲಾನ್ ತಲೆಯ ಸಣ್ಣ ಸುತ್ತಿಗೆ, ವರ್ನಿಯರ್ ಕ್ಯಾಲಿಪರ್, ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್ನು, ಮಕ್ಕಳು ಆಡೋ ಬಣ್ಣದ ಕ್ಲೇ ಒಂದು ಉಂಡೆ, ಒಂದು ಲಿಪ್‌ಸ್ಟಿಕ್. ಡಮ್ಮಿ ಗುಂಡು (ಮದ್ದಿಲ್ಲದ, ಹಾರದ ಗುಂಡು) ನಾಲ್ಕೈದು. ಒಂದು ಬಟ್ಟಲಲ್ಲಿ ತಣ್ಣೀರು. ಸಣ್ಣ ಪಿನ್ನುಗಳು ಉರುಳಿ ಹೋಗದಂತೆ ಅಂಚಿರೋ ತಟ್ಟೆ.

ಡ್ರೆಮೆಲ್ ಇದ್ರೆ ಕೆಲಸ ಬೇಗ, ಆದ್ರೆ ಕಡ್ಡಾಯ ಅಲ್ಲ. ಹೊಸಬರಿಗೆ ಅರಾನೇ ವಾಸಿ ಅಂತ ನಾನು ಹೇಳೋದು, ಯಾಕಂದ್ರೆ ಅರದಿಂದ ತಪ್ಪಾಗೋಕೆ ಟೈಮ್ ಹಿಡಿಯತ್ತೆ, ಡ್ರೆಮೆಲ್‌ನಿಂದ ಒಂದೇ ಸೆಕೆಂಡು. ಹ್ಯಾಮರ್ ತುಂಬಾ ಗಟ್ಟಿಯಾಗಿದ್ದು ಅರ ಮೇಲೇ ಜಾರ್ತಿದ್ರೆ ಆಗ ಮಾತ್ರ ಡ್ರೆಮೆಲ್.

ಹಂತ 1: ಖಾಲಿ ಮಾಡಿ, ಗುಂಡುಗಳನ್ನ ಆ ರೂಮಿಂದಾನೇ ಆಚೆ ಇಡಿ

ಮ್ಯಾಗಜಿನ್ ತೆಗೀರಿ. ಸ್ಲೈಡ್ ಹಿಂದಕ್ಕೆ ಎಳೆದು ಲಾಕ್ ಮಾಡಿ. ಚೇಂಬರನ್ನ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಆಮೇಲೆ ಇನ್ನೊಮ್ಮೆ ಮಾಡಿ. ಮುಂದೆ ನೀವು ಟ್ರಿಗರ್ ಹತ್ತಾರು ಸಲ ಎಳೀತೀರ, ಬೆಂಚ್ ಮೇಲೆ ನಿಜವಾದ ಒಂದು ಗುಂಡು ಬಿದ್ದಿದ್ರೂ ಡಮ್ಮಿ ಗುಂಡಿನ ಜೊತೆ ಬೆರೆತುಹೋಗೋ ಅಪಾಯ ಇದ್ದೇ ಇರತ್ತೆ. ಗುಂಡಿನ ಡಬ್ಬ ಬೇರೆ ರೂಮಲ್ಲಿ, ಬಾಗಿಲು ಹಾಕಿ.

ಹಂತ 2: ಕಚ್ತಿರೋದು ಹ್ಯಾಮರ್ರೇ ಹೌದಾ ಅಂತ ಖಚಿತ ಮಾಡ್ಕೊಳಿ

ಇದನ್ನ ಮಾಡ್ದೇನೇ ತುಂಬಾ ಜನ ಅರ ಹಿಡೀತಾರೆ. ಗಾಯ ನೋಡಿದ್ರೇ ಅರ್ಧ ಗೊತ್ತಾಗತ್ತೆ. ಚರ್ಮದ ಮೇಲೆ ರೈಲು ಹಳಿ ಥರ ಉದ್ದಕ್ಕೆ ಎರಡು ಗೆರೆ ಕೊಯ್ದಿದ್ರೆ ಅದು ಸ್ಲೈಡ್‌ನ ಕೆಳ ಅಂಚು, ನಿಮ್ಮ ಕೈ ತುಂಬಾ ಮೇಲೆ ಹೋಗ್ತಿದೆ ಅಂತ ಅರ್ಥ, ಹ್ಯಾಮರ್ ಎಷ್ಟು ಉಜ್ಜಿದ್ರೂ ಅದು ನಿಲ್ಲಲ್ಲ. ಒಂದೇ ಜಾಗದಲ್ಲಿ ಚಿವುಟಿದ ಹಾಗೆ ರಕ್ತ ಹೆಪ್ಪುಗಟ್ಟಿ ಗುಳ್ಳೆ ಎದ್ದಿದ್ರೆ ಅದು ಹ್ಯಾಮರ್. ಗುಳ್ಳೆ ಇಲ್ದೆ ಬರೀ ಕೆಂಪಗೆ ಉಜ್ಜಿಹೋದ ಹಾಗಿದ್ರೆ ಗ್ರಿಪ್ ಸೇಫ್ಟಿಯ (ಹಿಡಿಕೆಯ ಹಿಂಭಾಗದಲ್ಲಿ, ಅಂಗೈ ಒತ್ತಿದ್ರೆ ಮಾತ್ರ ಟ್ರಿಗರ್ ಕೆಲಸ ಮಾಡೋಕೆ ಬಿಡೋ ತುಂಡು) ಬಾಲದ ಅಂಚು ಚೂಪಾಗಿರಬಹುದು, ಅಂಥದ್ದಕ್ಕೆ ಆ ಅಂಚನ್ನ ಎಮರಿ ಪೇಪರ್‌ನಲ್ಲಿ ಸ್ವಲ್ಪ ದುಂಡಗೆ ಮಾಡಿದ್ರೆ ಸಾಕು, ಹ್ಯಾಮರ್ ಮುಟ್ಟೋದೇ ಬೇಡ.

ಖಚಿತ ಮಾಡ್ಕೊಳೋಕೆ ಲಿಪ್‌ಸ್ಟಿಕ್. ಹ್ಯಾಮರಿನ ಸ್ಪರ್, ಅಂದ್ರೆ ಹೆಬ್ಬೆರಳಿಟ್ಟು ಎಳೆಯೋ ಕೊಕ್ಕು, ಅದರ ಕೆಳಭಾಗಕ್ಕೂ ಎರಡು ಪಕ್ಕಕ್ಕೂ ತೆಳ್ಳಗೆ ಹಚ್ಚಿ. ರೇಂಜಲ್ಲಿ ಹಿಡಿಯೋ ಹಾಗೇ ಪಿಸ್ತೂಲನ್ನ ಗಟ್ಟಿಯಾಗಿ ಹಿಡೀರಿ, ಎಡಗೈಯಿಂದ ಸ್ಲೈಡನ್ನ ನಿಧಾನಕ್ಕೆ ಪೂರ್ತಿ ಕೊನೇವರೆಗೂ ಎಳೀರಿ. ಅರ್ಧಕ್ಕೆ ನಿಲ್ಲಿಸ್ಬೇಡಿ. ಕೈ ಮೇಲೆ ಬಣ್ಣ ಎಲ್ಲಿ ಬಿತ್ತೋ ಅದೇ ಜಾಗ ಕಚ್ತಿರೋದು, ಕೊಕ್ಕಿನ ಮೇಲೆ ಬಣ್ಣ ಎಲ್ಲಿ ಅಳಿಸ್ತೋ ಅಲ್ಲೇ ನಿಮ್ಮ ಅರ ಹೋಗ್ಬೇಕು.

ಯಾಕೆ ಪೂರ್ತಿ ಎಳೀಬೇಕು ಅಂದ್ರೆ, ಹ್ಯಾಮರ್ ಕಾಕ್ ಆಗಿ, ಅಂದ್ರೆ ಹೊಡೆಯೋಕೆ ಸಿದ್ಧವಾಗಿ ಹಿಂದಕ್ಕೆ ನಿಂತಿರೋ ಜಾಗದಲ್ಲಿ ಅದು ಕಚ್ಚಲ್ಲ. ಗುಂಡು ಹಾರಿದಾಗ ಸ್ಲೈಡ್ ಅದನ್ನ ಕಾಕ್ ಜಾಗಕ್ಕಿಂತಲೂ ಇನ್ನೂ ಹಿಂದಕ್ಕೆ, ಕೆಳಕ್ಕೆ ತಳ್ಳತ್ತೆ, ಆ ಕ್ಷಣದಲ್ಲಿ ಕೊಕ್ಕು ಗ್ರಿಪ್ ಸೇಫ್ಟಿ ಬಾಲದ ಹತ್ರಕ್ಕೇ ಬರತ್ತೆ, ನಡುವೆ ಸಿಕ್ಕ ಚರ್ಮ ಚಿವುಟ್ಕೊಳತ್ತೆ. ಕಾಕ್ ಮಾಡಿ ಟೇಬಲ್ ಮೇಲಿಟ್ಟು "ಇಷ್ಟೊಂದು ಗ್ಯಾಪ್ ಇದೆಯಲ್ಲ" ಅಂತ ಅಂದಾಜು ಹಾಕೋರು ಇಲ್ಲೇ ಎಡವೋದು.

ಹಂತ 3: ಉಜ್ಜೋದು ಬೇಕೇ ಬೇಕಾ ಅಂತ ಯೋಚ್ನೆ ಮಾಡಿ

ಮೂರು ದಾರಿ ಇದೆ. ಕೈಯನ್ನ ಒಂದೆರಡು ಮಿಲಿಮೀಟರ್ ಕೆಳಗೆ ಹಿಡಿದು ನೋಡೋದು ಒಂದು, ಖರ್ಚಿಲ್ಲ, ಆದ್ರೆ ಪಿಸ್ತೂಲ್ ಜಾಸ್ತಿ ಮೇಲಕ್ಕೆ ಎಗರತ್ತೆ. ಎರಡನೇದು ಉದ್ದ ಬಾಲದ ಬೀವರ್‌ಟೇಲ್ ಗ್ರಿಪ್ ಸೇಫ್ಟಿ ಮತ್ತು ಬಳೆ ಆಕಾರದ ಕಮಾಂಡರ್ ಹ್ಯಾಮರ್ ಎರಡನ್ನೂ ಒಟ್ಟಿಗೆ ಹಾಕೋದು, ಒಂದನ್ನೇ ಹಾಕಿದ್ರೆ ಆಗಲ್ಲ, ಹಳೇ ಕೊಕ್ಕು ಬೀವರ್‌ಟೇಲಿಗೆ ಬಡಿಯತ್ತೆ. ಇದರಲ್ಲಿ ಹೊಸ ಹ್ಯಾಮರಿನ ಹುಕ್ಕು ಹಳೇ ಸಿಯರ್ (ಹುಕ್ಕನ್ನ ಹಿಡಿದಿಟ್ಟು, ಟ್ರಿಗರ್ ಎಳೆದಾಗ ಬಿಡೋ ತುಂಡು) ಜೊತೆ ಸರಿಯಾಗಿ ಕೂರ್ಬೇಕು, ಅದು ಗನ್‌ಸ್ಮಿತ್ ಕೆಲಸ, "ಡ್ರಾಪ್ ಇನ್" (ತಿದ್ದದೇ ನೇರ ಹಾಕಬಹುದು) ಅಂತ ಪ್ಯಾಕೆಟ್ ಮೇಲೆ ಬರ್ದಿದ್ರೂ ಕೂಡ. ಮೂರನೇದು ನಾವು ಮಾಡೋದು: ಇರೋ ಹ್ಯಾಮರಿನ ಕೊಕ್ಕನ್ನ ತಿದ್ದೋದು. ಇದರ ದೊಡ್ಡ ಅನುಕೂಲ ಏನಂದ್ರೆ ಹುಕ್ಕೂ ಸಿಯರೂ ಹಳೇ ಜೋಡಿಯಾಗೇ ಉಳೀತವೆ. 1920ರ ದಶಕದಲ್ಲಿ 1911 ಅನ್ನ 1911ಎ1 ಮಾಡಿದಾಗ ಅಮೆರಿಕದ ಸೈನ್ಯ ಮಾಡಿದ್ದೂ ಇದೇ ಧಾಟಿಯ ಕೆಲಸ, ಕೊಕ್ಕು ಚಿಕ್ಕದು ಮಾಡಿ ಗ್ರಿಪ್ ಸೇಫ್ಟಿಯ ಬಾಲ ಉದ್ದ ಮಾಡಿದ್ರು. ಆದ್ರೂ ದಪ್ಪ ಕೈ ಇರೋರಿಗೆ ಅದು ಸಾಕಾಗಲ್ಲ.

ನಿಮ್ಮದು ಹಳೇ ಕಾಲದ ಮಿಲಿಟರಿ ಪಿಸ್ತೂಲ್ ಆಗಿದ್ರೆ ಅರ ಕೆಳಗಿಡಿ. ಒಂದು ಸಲ ಉಜ್ಜಿದ್ರೆ ಅದರ ಬೆಲೆ ವಾಪಸ್ ಬರಲ್ಲ.

ಹಂತ 4: ಹ್ಯಾಮರ್ ಹೊರಗೆ ತೆಗೆಯೋದು

ಪಿಸ್ತೂಲಲ್ಲೇ ಇಟ್ಟು ಉಜ್ಜೋರಿದ್ದಾರೆ, ಮಾಡ್ಬೇಡಿ. ಕಬ್ಬಿಣದ ಪುಡಿ, ಕಲ್ಲಿನ ಪುಡಿ ಎಲ್ಲಾ ಸಿಯರ್ ಹತ್ರ ಎಣ್ಣೆಗೆ ಅಂಟ್ಕೊಂಡು ಕೂರತ್ತೆ.

ಮಾಮೂಲಿ ಥರ ಬುಶಿಂಗ್, ರಿಕಾಯಿಲ್ ಸ್ಪ್ರಿಂಗ್, ಸ್ಲೈಡ್ ಸ್ಟಾಪ್ ತೆಗೆದು ಸ್ಲೈಡ್ ಬೇರೆ ಮಾಡಿ. ಸ್ಪ್ರಿಂಗಿನ ಪ್ಲಗ್ ಬುಲೆಟ್ ಥರ ಹಾರತ್ತೆ, ಮುಖ ಅದರ ಎದುರಿಗೆ ಇಡ್ಬೇಡಿ. ಸ್ಲೈಡ್ ಇಲ್ಲದಿರೋವಾಗ ಟ್ರಿಗರ್ ಎಳೆದು ಹ್ಯಾಮರ್ ಧಡ್ ಅಂತ ಬೀಳೋಕೆ ಬಿಡ್ಲೇಬೇಡಿ, ಅದು ನೇರ ಫ್ರೇಮಿಗೆ ಹೊಡೆದು ಎರಡಕ್ಕೂ ಪೆಟ್ಟು.

ಈಗ ಫ್ರೇಮ್. ಹ್ಯಾಮರ್ ಕಾಕ್ ಮಾಡಿ. ಥಂಬ್ ಸೇಫ್ಟಿಯನ್ನ (ಎಡಗಡೆ ಹೆಬ್ಬೆರಳಲ್ಲಿ ಏರಿಸಿ ಇಳಿಸೋ ಲಿವರ್) ಮೇಲೆ ಕೆಳಗೆ ಎರಡಕ್ಕೂ ನಡುವೆ ತಂದು ಅಲ್ಲಾಡಿಸ್ತಾ ಎಡಕ್ಕೆ ಹೊರಗೆ ಎಳೀರಿ. ಹೆಬ್ಬೆರಳಲ್ಲಿ ಹ್ಯಾಮರ್ ಗಟ್ಟಿಯಾಗಿ ಹಿಡ್ಕೊಂಡು, ಗ್ರಿಪ್ ಸೇಫ್ಟಿ ಒತ್ತಿ, ಟ್ರಿಗರ್ ಎಳೆದು ನಿಧಾನಕ್ಕೆ ಮುಂದಕ್ಕೆ ಇಳಿಸಿ. ಆಮೇಲೆ ಹಿಡಿಕೆಯ ಕೆಳತುದಿಯಲ್ಲಿರೋ ಮೇನ್‌ಸ್ಪ್ರಿಂಗ್ ಹೌಸಿಂಗ್ ಪಿನ್ನನ್ನ ಪಂಚ್‌ನಿಂದ ಹೊಡೆದು ತೆಗೀರಿ, ಹೌಸಿಂಗ್ ಕೆಳಕ್ಕೆ ಜಾರಿ ಬರತ್ತೆ. ಅದರೊಳಗಿನ ಸ್ಪ್ರಿಂಗ್ ತನ್ನದೇ ಪಿನ್ನಲ್ಲಿ ಬಂಧಿ ಆಗಿರತ್ತೆ, ಹಾರಲ್ಲ, ಅದನ್ನ ಬಿಚ್ಚೋ ಅಗತ್ಯಾನೂ ಇಲ್ಲ. ಗ್ರಿಪ್ ಸೇಫ್ಟಿ ತೆಗೀರಿ, ಮೂರು ಬೆರಳಿನ ಚಪ್ಪಟೆ ಸಿಯರ್ ಸ್ಪ್ರಿಂಗ್ ತೆಗೀರಿ, ಹ್ಯಾಮರ್ ಪಿನ್ನನ್ನ ಬಲದಿಂದ ಎಡಕ್ಕೆ ತಳ್ಳಿ. ಹ್ಯಾಮರ್ ತನ್ನ ಕೆಳಗೆ ತೂಗಾಡೋ ಕಡ್ಡಿ ಸಮೇತ, ಅದಕ್ಕೆ ಸ್ಟ್ರಟ್ ಅಂತಾರೆ, ಮೇಲಕ್ಕೆ ಬಂತು.

ಸಿಯರ್ ಪಿನ್ ಮುಟ್ಬೇಡಿ. ಅದನ್ನ ಹಾಗೇ ಬಿಟ್ರೆ ಸಿಯರ್ ಮತ್ತೆ ಡಿಸ್‌ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದಿದ್ರೆ ಟ್ರಿಗರನ್ನ ಸಿಯರಿಂದ ಬೇರ್ಪಡಿಸೋ ತುಂಡು) ಅಲ್ಲೇ ಇರ್ತವೆ. ಪ್ರತಿ ಹೆಜ್ಜೆಗೂ ಫೋನಲ್ಲಿ ಒಂದು ಫೋಟೋ, ವಾಪಸ್ ಜೋಡಿಸುವಾಗ ನನಗೇ ಪ್ರತಿ ಸಲ ಅದು ಬೇಕಾಗತ್ತೆ.

ಹಂತ 5: ಎಲ್ಲಿ ಉಜ್ಜಬಾರದು ಅಂತ ಮೊದಲು ಮುಚ್ಚಿಬಿಡಿ

ಹ್ಯಾಮರಿನ ಬುಡದಲ್ಲಿ ಎರಡು ಪುಟ್ಟ ಹುಕ್ಕು ಕಾಣ್ತವೆ. ಎತ್ತರ ಬರೀ ಅರ್ಧ ಮಿಲಿಮೀಟರ್ ಆಸುಪಾಸು. ಕಾಕ್ ಆದ ಪಿಸ್ತೂಲು ತಾನಾಗೇ ಹಾರದಂತೆ ಹಿಡಿದಿಟ್ಟಿರೋದು ಆ ಅರ್ಧ ಮಿಲಿಮೀಟರ್. ಅದರ ಪಕ್ಕದಲ್ಲಿ ಹಾಫ್ ಕಾಕ್ ಕಚ್ಚು. ಇವೆರಡಕ್ಕೂ, ಪಿನ್ ತೂತಿಗೂ, ಫೈರಿಂಗ್ ಪಿನ್ನಿಗೆ ಹೊಡೆಯೋ ಮುಂಭಾಗದ ಮುಖಕ್ಕೂ ಮಾಸ್ಕಿಂಗ್ ಟೇಪ್ ಎರಡು ಸುತ್ತು ಸುತ್ತಿ. ಸ್ಟ್ರಟ್ಟನ್ನೂ ಟೇಪಲ್ಲಿ ಕಟ್ಟಿ, ಇಲ್ಲಾಂದ್ರೆ ಅಲ್ಲಾಡ್ತಾ ಅಡ್ಡ ಬರತ್ತೆ. ಟೇಪ್ ಹಾಕಿದ ಜಾಗಕ್ಕೆ ಅರ ಆಗ್ಲಿ, ಎಮರಿ ಆಗ್ಲಿ, ಪಾಲಿಶ್ ಆಗ್ಲಿ ಯಾವುದೂ ಹೋಗಕೂಡದು. "ಪಾಲಿಶ್ ಮಾತ್ರ ತಾನೆ" ಅನ್ನೋ ಮಾತು ನಾನು ಒಪ್ಪಲ್ಲ.

ಹಂತ 6: ಉಜ್ಜೋದು, ಕೆಳಗಿಂದ ಶುರು

ಹ್ಯಾಮರಿನ ಚಪ್ಪಟೆ ಪಕ್ಕಗಳನ್ನ ವೈಸಿನ ಮೆತ್ತನೆ ಬಾಯಿಗೆ ಕೊಟ್ಟು ಹಿಡಿಸಿ, ಕೊಕ್ಕು ಮೇಲೆ ಕಾಣೋ ಹಾಗೆ. ವೈಸ್ ಜಾಸ್ತಿ ಬಿಗಿ ಬೇಡ.

ಕ್ರಮ ಹೀಗೆ. ಮೊದಲು ಕೊಕ್ಕಿನ ಕೆಳಭಾಗದ ಎರಡು ಮೂಲೆ. ಲಿಪ್‌ಸ್ಟಿಕ್ ಅಳಿಸಿದ ಜಾಗ ಹೆಚ್ಚಾಗಿ ಇವೇ ಇರ್ತವೆ. ಅರ್ಧ ದುಂಡಗಿನ ಅರದಿಂದ ಆ ಚೂಪು ಹೋಗೋವರೆಗೂ ದುಂಡಗೆ ಮಾಡಿ. ಎರಡನೇದು ಕೆಳಮುಖ, ಅಲ್ಲಿ ಒಂದು ಮಿಲಿಮೀಟರ್ ದಾಟದಂತೆ. ಮೂರನೇದು ತುದಿ, ಬೇಕಾದ್ರೆ ಮಾತ್ರ, ಒಂದು ಸಲಕ್ಕೆ 1 ಮಿಲಿಮೀಟರ್, ಒಟ್ಟು 3 ದಾಟೋಕೆ ಹೋಗ್ಬೇಡಿ. ಮೇಲ್ಭಾಗದ ಗೀರು ಗೀರು ಇರೋ ಜಾಗ ಹಾಗೇ ಇರ್ಲಿ, ಹೆಬ್ಬೆರಳು ಜಾರದೇ ಇರೋದು ಅದರಿಂದ.

ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ. ತುದಿ ಉದ್ದ ಇದೆ, ಅದಕ್ಕೇ ಕಚ್ತಿದೆ ಅಂತ ಮೊದಲು ತುದಿಯನ್ನ ಕಟ್ ಮಾಡ್ತಾರೆ. ಕಟ್ ಮಾಡಿದ ಕಡೆ ಹೊಸದಾಗಿ ಒಂದು ಚೂಪಾದ ಅಂಚು ಹುಟ್ಕೊಳತ್ತೆ, ಮುಂಚೆ ಚಿವುಟ್ತಿದ್ದಿದ್ದು ಈಗ ಕೊಯ್ಯತ್ತೆ. ನನ್ನ ಮೊದಲನೇ ಹ್ಯಾಮರಲ್ಲಿ ನಾನೂ ಇದನ್ನೇ ಮಾಡಿ, ರೇಂಜಲ್ಲಿ ಎರಡನೇ ಮ್ಯಾಗಜಿನ್ ಮುಗಿಯೋದ್ರೊಳಗೆ ಕರ್ಚೀಫ್ ಸುತ್ಕೊಂಡು ಮನೆಗೆ ಬಂದಿದ್ದೆ. ಆಮೇಲೆ ಮೂಲೆ ದುಂಡಗೆ ಮಾಡಿದ ಮೇಲೇ ನಿಂತಿದ್ದು. ಹಾಗಂತ ಕೆಳಮುಖ ಉಜ್ತಾ ಉಜ್ತಾ ಕೊಕ್ಕನ್ನ ತಗಡಿನ ಥರ ತೆಳ್ಳಗೆ ಮಾಡ್ಬೇಡಿ, ಮುರಿಯತ್ತೆ. ತೆಳ್ಳಗೆ ಆಗ್ತಿದೆ ಅನ್ಸಿದ್ರೆ ನಿಲ್ಲಿಸಿ ತುದಿ ಕಡೆಗೆ ಹೋಗಿ.

ಬಿಸಿಯ ವಿಷಯ ಡ್ರೆಮೆಲ್ ಹಿಡಿಯೋರಿಗೆ. ಎರಡು ಮೂರು ಸೆಕೆಂಡ್ ಉಜ್ಜಿ, ಬರಿಗೈಯಲ್ಲಿ ಮುಟ್ಟಿ ನೋಡಿ, ನೀರಿಗೆ ಅದ್ದಿ. ಹುಕ್ಕಿನ ಕಡೆಗೆ ಒದ್ದೆ ಬಟ್ಟೆ ಸುತ್ತಿರ್ಲಿ. ಬೆರಳಿಟ್ಟು ಹಿಡಿಯೋಕೆ ಆಗದಷ್ಟು ಬಿಸಿ ಆದ್ರೆ ನೀವು ಆಗ್ಲೇ ಅವಸರ ಮಾಡ್ತಿದೀರ. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣಕ್ಕೆ ಬರತ್ತೆ, 300ರ ಹತ್ರ ನೀಲಿ. ಕೊಕ್ಕಿನ ತುದೀಲಿ ಮಾತ್ರ ಸ್ವಲ್ಪ ಬಣ್ಣ ಬಂದ್ರೆ ಬದುಕ್ಕೊಂಡ್ರಿ ಅನ್ನಬಹುದು, ಆದ್ರೆ ಆ ಬಣ್ಣ ಹುಕ್ಕಿನ ಕಡೆಗೆ ಇಳಿದಿದ್ರೆ ಅಲ್ಲಿನ ಗಡಸುತನ ಹೋಗಿರತ್ತೆ. ಆ ಹ್ಯಾಮರ್ ಹೊರಗೆ ಹಾಕಿ. ಇದರಲ್ಲಿ ಜಿಪುಣತನ ಬೇಡ.

ಹಂತ 7: ನಡುನಡುವೆ ಅಳೆಯೋದು

ಪ್ರತಿ ಮಿಲಿಮೀಟರಿಗೂ ಪೂರ್ತಿ ಜೋಡಿಸೋ ಕಷ್ಟ ಬೇಡ. ಹ್ಯಾಮರಿನ ಟೇಪ್ ಬಿಚ್ಚಿ, ಪುಡಿ ಒರೆಸಿ, ಹ್ಯಾಮರ್ ಮತ್ತು ಅದರ ಪಿನ್, ಗ್ರಿಪ್ ಸೇಫ್ಟಿ, ಅದನ್ನ ಹಿಡಿಯೋಕೆ ಥಂಬ್ ಸೇಫ್ಟಿ, ಇಷ್ಟೇ ಹಾಕಿ. ಮೇನ್‌ಸ್ಪ್ರಿಂಗ್ ಹೌಸಿಂಗ್ ಬೇಡ. ಬ್ಯಾರಲ್, ರಿಕಾಯಿಲ್ ಸ್ಪ್ರಿಂಗ್ ಇಲ್ಲದ ಖಾಲಿ ಸ್ಲೈಡನ್ನ ಹಳಿಗೆ ಹತ್ತಿಸಿ ಹಿಂದಕ್ಕೆ ತಳ್ಳಿದ್ರೆ ಅದು ಹ್ಯಾಮರನ್ನ ಕೊನೇವರೆಗೂ ಕರ್ಕೊಂಡು ಹೋಗತ್ತೆ.

ಗ್ರಿಪ್ ಸೇಫ್ಟಿಯ ಬಾಲದ ಮೇಲೆ ಕ್ಲೇ ಉಂಡೆ ಒತ್ತಿ, ಸ್ಲೈಡ್ ತಳ್ಳಿ, ಕ್ಲೇ ಎಷ್ಟು ದಪ್ಪ ಉಳೀತು ಅಂತ ಕ್ಯಾಲಿಪರ್‌ನಲ್ಲಿ ಅಳೀರಿ. ಉಜ್ಜೋ ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಬರ್ದಿಟ್ಕೊಳಿ. (ಕ್ಲೇ ಇಲ್ಲ ಅಂತ ಚಪಾತಿ ಹಿಟ್ಟು ಹಾಕ್ಬೇಡಿ, ಅದರಲ್ಲಿ ಉಪ್ಪು, ನೀರು ಎರಡೂ ಇರತ್ತೆ, ತುಕ್ಕು ಹಿಡಿಯತ್ತೆ.) ಕೊನೇ ಪರೀಕ್ಷೆ ನಿಮ್ಮದೇ ಕೈ: ಸರಿಯಾಗಿ ಹಿಡಿದು ಸ್ಲೈಡ್ ನಿಧಾನಕ್ಕೆ ತಳ್ಳಿದಾಗ ಕೊಕ್ಕು ಚರ್ಮಕ್ಕೆ ತಾಗಿದ್ರೂ ಒತ್ತಬಾರದು. ಅಷ್ಟಕ್ಕೆ ನಿಲ್ಲಿಸಿ. ನೋಡೋಕೆ ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಮುಂದುವರಿಸಿದ್ರೆ ಹ್ಯಾಮರಿನ ತೂಕ ಸುಮ್ನೆ ಕಮ್ಮಿ ಆಗತ್ತೆ.

ಮತ್ತೆ ಟೇಪ್ ಸುತ್ತಿ 320, 400, 600 ಹೀಗೆ ಕ್ರಮವಾಗಿ ಎಮರಿ ಹೊಡೀರಿ, ಅಂಚಿನ ಮೇಲೆ ಹತ್ತಿ ಎಳೆದ್ರೆ ಒಂದು ಎಳೆಯೂ ಸಿಕ್ಕಬಾರದು. ಬೋಳಾದ ಲೋಹಕ್ಕೆ ಕೋಲ್ಡ್ ಬ್ಲೂ (ಬಿಸಿ ಮಾಡದೇ ಉಕ್ಕಿಗೆ ಕಪ್ಪು ಬಣ್ಣ ಕೊಡೋ ರಾಸಾಯನಿಕ) ಹಚ್ಚಿ, ಹಚ್ಚೋ ಮುಂಚೆ ಎಣ್ಣೆ ಜಿಡ್ಡು ಪೂರ್ತಿ ತೆಗೀರಿ, ಹಚ್ಚಿ ಒರೆಸಿದ ಮೇಲೆ ಎಣ್ಣೆ ಸವರಿ.

ಹಂತ 8: ವಾಪಸ್ ಜೋಡಣೆ

ಹ್ಯಾಮರ್ ಕೂರಿಸಿ, ಪಿನ್ನನ್ನ ಎಡದಿಂದ ಹಾಕಿ, ಪಿನ್ನಿನ ತಲೆ ಎಡಕ್ಕೇ ಬರ್ಬೇಕು. ಸಿಯರ್ ಸ್ಪ್ರಿಂಗ್ ಇಡಿ: ಹಿಂದಿನಿಂದ ನೋಡಿದ್ರೆ ಎಡ ಬೆರಳು ಸಿಯರಿಗೆ, ನಡು ಬೆರಳು ಡಿಸ್‌ಕನೆಕ್ಟರಿಗೆ, ಬಲ ಬೆರಳು ಗ್ರಿಪ್ ಸೇಫ್ಟಿಗೆ. ಹೌಸಿಂಗನ್ನ ಮುಕ್ಕಾಲು ಭಾಗ ಮೇಲಕ್ಕೆ ತಳ್ಳಿದ್ರೆ ಸ್ಪ್ರಿಂಗ್ ಅಲ್ಲಾಡದೆ ನಿಲ್ಲತ್ತೆ. ಗ್ರಿಪ್ ಸೇಫ್ಟಿ ಇಟ್ಟು, ಸ್ಟ್ರಟ್ ಹೌಸಿಂಗಿನ ಸ್ಪ್ರಿಂಗ್ ಟೋಪಿಯ ಗುಳಿಯೊಳಗೇ ಇಳಿದಿದೆಯಾ ನೋಡಿ. ಅದು ಹಿಂದಕ್ಕೆ ಜಾರಿ ಗ್ರಿಪ್ ಸೇಫ್ಟಿಗೆ ಸಿಕ್ಕಾಕ್ಕೊಳೋದು ಇಲ್ಲಿ ಆಗೋ ಮಾಮೂಲಿ ತಪ್ಪು. ಆಮೇಲೆ ಹೌಸಿಂಗ್ ಪೂರ್ತಿ ತಳ್ಳಿ ಪಿನ್ ಹೊಡೀರಿ, ಹ್ಯಾಮರ್ ಕಾಕ್ ಮಾಡಿ, ಥಂಬ್ ಸೇಫ್ಟಿ ಕೂರಿಸಿ. ಅದು ಕೂರ್ದಿದ್ರೆ ಹೊಡೆದು ಕೂರಿಸ್ಬೇಡಿ, ಪಕ್ಕದ ಸಣ್ಣ ಪ್ಲಂಜರನ್ನ ತೆಳ್ಳಗಿನ ಯಾವುದರಿಂದಾದ್ರೂ ಒಳಕ್ಕೆ ಒತ್ತಿ ಅದುಮಿದ್ರೆ ಕೂರತ್ತೆ.

ಹಂತ 9: ಗುಂಡಿಲ್ಲದೆ ಪರೀಕ್ಷೆ

ಒಂದನ್ನೂ ಬಿಡ್ಬೇಡಿ. ಪೂರ್ತಿ ಜೋಡಿಸಿದ ಪಿಸ್ತೂಲಲ್ಲೇ, ಚೇಂಬರ್ ಖಾಲಿ ಅಂತ ಮತ್ತೆ ನೋಡಿ, ಮಾಡಿ.

ಥಂಬ್ ಸೇಫ್ಟಿ: ಕಾಕ್ ಮಾಡಿ, ಸೇಫ್ಟಿ ಮೇಲೆ, ಹಿಡಿಕೆ ಗಟ್ಟಿ ಹಿಡಿದು ಟ್ರಿಗರ್ ಜೋರಾಗಿ ಎಳೀರಿ. ಟ್ರಿಗರ್ ಬಿಟ್ಟು, ಸೇಫ್ಟಿ ಇಳಿಸಿ. ಹ್ಯಾಮರ್ ಬೀಳಬಾರದು. ಈಗ ಹ್ಯಾಮರನ್ನ ಹೆಬ್ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಎಳೆದು ಕಿವಿಗೊಡಿ, ಟಿಕ್ ಅಂದ್ರೆ ಸಿಯರ್ ಜಾಗ ಬಿಟ್ಟಿತ್ತು ಅಂತ, ಸೇಫ್ಟಿ ಸರಿ ಕೂತಿಲ್ಲ.

ಗ್ರಿಪ್ ಸೇಫ್ಟಿ: ಕಾಕ್ ಮಾಡಿ, ಸೇಫ್ಟಿ ಕೆಳಗೆ, ಗ್ರಿಪ್ ಸೇಫ್ಟಿ ಒತ್ತದ ಹಾಗೆ ಹಿಡಿದು ಟ್ರಿಗರ್ ಎಳೀರಿ. ಬೀಳಬಾರದು.

ಡಿಸ್‌ಕನೆಕ್ಟರ್: ಸ್ಲೈಡನ್ನ 6 ಮಿಲಿಮೀಟರ್‌ನಷ್ಟು ಹಿಂದಕ್ಕೆ ಹಿಡಿದು ಟ್ರಿಗರ್ ಎಳೀರಿ, ಬೀಳಬಾರದು. ಟ್ರಿಗರ್ ಹಾಗೇ ಹಿಡಿದು ಸ್ಲೈಡ್ ಬಿಡಿ, ಆಗ್ಲೂ ಬೀಳಬಾರದು. ಟ್ರಿಗರ್ ಬಿಟ್ಟು ಮತ್ತೆ ಎಳೆದಾಗ ಮಾತ್ರ ಬೀಳ್ಬೇಕು.

ಹಾಫ್ ಕಾಕ್: ಹ್ಯಾಮರನ್ನ ಆ ಕಚ್ಚಿಗೆ ನಿಲ್ಲಿಸಿ ಟ್ರಿಗರ್ ಎಳೀರಿ. ಬಿಟ್ಕೊಡಬಾರದು.

ಆಮೇಲೆ ಮ್ಯಾಗಜಿನ್ನಿಗೆ ಡಮ್ಮಿ ಗುಂಡು ತುಂಬಿ, ಸ್ಲೈಡ್ ಲಾಕಿಂದ ಬಿಟ್ಟು ಹತ್ತು ಸಲ ಮುಚ್ಚಿಸಿ. ಪ್ರತಿ ಸಲವೂ ಹ್ಯಾಮರ್ ಪೂರ್ತಿ ಕಾಕ್‌ನಲ್ಲೇ ನಿಲ್ಬೇಕು, ಒಂದೇ ಒಂದು ಸಲ ಹಾಫ್ ಕಾಕ್‌ಗೆ ಜಾರಿದ್ರೂ ಕೆಲಸ ಮುಗೀತು, ಪಿಸ್ತೂಲ್ ಗನ್‌ಸ್ಮಿತ್ ಕೈಗೆ. ಖಾಲಿ ಚೇಂಬರಿನ ಮೇಲೆ ಸ್ಲೈಡ್ ಧಡ ಧಡ ಬಿಡ್ಬೇಡಿ, ಹುಕ್ಕಿಗೆ ಅದು ಒಳ್ಳೇದಲ್ಲ.

ಪೆನ್ಸಿಲ್ ಪರೀಕ್ಷೆ: ಡಮ್ಮಿ ತೆಗೆದು, ಬ್ಯಾರಲ್ ಮೇಲ್ಮುಖ ಮಾಡಿ, ರಬ್ಬರ್ ಇರೋ ಕಡೆ ಒಳಗೆ ಹೋಗೋ ಹಾಗೆ ಪೆನ್ಸಿಲ್ ಬಿಡಿ, ಮುಖ ದೂರ ಇಟ್ಟು ಟ್ರಿಗರ್ ಎಳೀರಿ. ಪೆನ್ಸಿಲ್ ಹೊರಗೆ ನೆಗೀಬೇಕು. ಸುಸ್ತಾದವನ ಥರ ಅಲ್ಲಾಡಿ ಸುಮ್ನಾದ್ರೆ ಸ್ಟ್ರಟ್ ಸರಿ ಕೂತಿಲ್ಲ ಅಥವಾ ಹ್ಯಾಮರ್ ಎಲ್ಲೋ ಉಜ್ತಿದೆ.

ಹಂತ 10: ರೇಂಜಲ್ಲಿ, ಒಂದೊಂದೇ ಗುಂಡು

ಮ್ಯಾಗಜಿನ್ನಿಗೆ ಒಂದೇ ಗುಂಡು ಹಾಕಿ, ಹಾರಿಸಿ. ಹೀಗೆ ಐದು ಸಲ. ಆಮೇಲೆ ಎರಡೆರಡು, ಇದೂ ಐದು ಸಲ. ಎರಡು ಯಾಕಂದ್ರೆ, ಹುಕ್ಕಲ್ಲಿ ತೊಂದರೆ ಇದ್ರೆ ಒಂದು ಸಲ ಟ್ರಿಗರ್ ಎಳೆದಿದ್ದಕ್ಕೆ ಎರಡು ಹಾರತ್ತೆ, ಮ್ಯಾಗಜಿನ್ ತುಂಬಾ ಗುಂಡಿದ್ದಾಗ ಅದು ಗೊತ್ತಾಗೋದು ಬೇಡ. ಎಲ್ಲಾ ಸರಿ ಇದ್ರೆ ಮಾತ್ರ ಪೂರ್ತಿ ಮ್ಯಾಗಜಿನ್.

ತಕ್ಷಣ ನಿಲ್ಲಿಸ್ಬೇಕಾದ ಲಕ್ಷಣಗಳು: ಎರಡು ಗುಂಡು ಒಟ್ಟಿಗೆ ಹಾರೋದು, ಹ್ಯಾಮರ್ ಸ್ಲೈಡಿನ ಹಿಂದೆಯೇ ಇಳಿಯೋದು, ಟ್ರಿಗರ್ ಇದ್ದಕ್ಕಿದ್ದಂತೆ ಹಗುರ ಆಗೋದು, ಪ್ರೈಮರ್ (ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸೋ ಬಿಲ್ಲೆ) ಮೇಲೆ ಮೇಲುಮೇಲಿನ ಗುಳಿ ಬಿದ್ದು ಗುಂಡು ಹಾರದೇ ಇರೋದು. ಕೊನೇದಾದ್ರೆ ಪಿಸ್ತೂಲನ್ನ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾದು ಆಮೇಲೆ ಗುಂಡು ಹೊರಗೆ ತೆಗೀರಿ.

ಕೊಕ್ಕು ಚಿಕ್ಕದಾಗಿರೋದ್ರಿಂದ ಹೆಬ್ಬೆರಳಿಗೆ ಹಿಡಿತ ಕಮ್ಮಿ. ಚೇಂಬರಲ್ಲಿ ಗುಂಡಿಟ್ಟು ಹ್ಯಾಮರನ್ನ ಕೈಯಲ್ಲಿ ಇಳಿಸೋ ಅಭ್ಯಾಸ ಇದ್ರೆ ಇವತ್ತಿಗೇ ಬಿಟ್ಬಿಡಿ, ಬೆವರು ಕೈಯಲ್ಲಿ ಅದು ಜಾರಿದ್ರೆ ಗುಂಡು ಹಾರತ್ತೆ. ಇಳಿಸಲೇಬೇಕು ಅಂದ್ರೆ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ ಇಳಿಸಿ.

ಇನ್ನು ಈಗಾಗ್ಲೇ ಕಚ್ಚಿಸ್ಕೊಂಡಿರೋ ಕೈ. ಗಾಯ ಒಣಗೋವರೆಗೂ ಈ ರೇಂಜ್ ಪರೀಕ್ಷೆ ಇಟ್ಕೋಬೇಡಿ, ಗುಂಡಿನ ಹೊಗೆ ಪುಡಿಯಲ್ಲಿ ಸೀಸ ಇರತ್ತೆ, ತೆರೆದ ಗಾಯದ ಮೇಲೆ ಅದು ಬೀಳೋದು ಬೇಡ. ತಣ್ಣೀರು, ಸೋಪು ಹಾಕಿ ತೊಳೀರಿ, ಟೆಟನಸ್ ಇಂಜೆಕ್ಷನ್ ಹಾಕಿಸ್ಕೊಂಡು ಎಷ್ಟು ವರ್ಷ ಆಯ್ತು ಅಂತ ನೆನಪಿಲ್ದಿದ್ರೆ ಡಾಕ್ಟರ್ ಹತ್ರ ಕೇಳಿ.

ಮೊದಲ 200 ಗುಂಡು ಆದ್ಮೇಲೆ ಹಂತ 9ರ ಪರೀಕ್ಷೆಗಳನ್ನೆಲ್ಲಾ ಮತ್ತೊಮ್ಮೆ ಮಾಡಿ, ಕೊಕ್ಕಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಒಳ್ಳೇ ಬೆಳಕಲ್ಲಿ ನೋಡಿ, ಇದ್ರೆ ಆ ಹ್ಯಾಮರ್ ಮತ್ತೆ ಉಪಯೋಗಿಸ್ಬೇಡಿ.